ಮೇಲ್ರೆಪ್ಪೆಯ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿನ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ವಾರದ ಪುರವಣಿಗಳ ಸೌಂದರ್ಯ ಅಂಕಣಗಳಲ್ಲೂ ಸ್ಥಳೀಯ ಪುಟಗಳ ಜಾಹೀರಾತುಗಳಲ್ಲೂ ಕಣ್ಣಿನ ಮೇಲ್ರೆಪ್ಪೆಯ ಶಸ್ತ್ರಚಿಕಿತ್ಸೆಯ ಪ್ರಸ್ತಾಪ ಈಚೆಗೆ ಮೇಲಿಂದ ಮೇಲೆ ಬರುತ್ತಿದೆ. ಒಂದು ಗಂಟೆಯ ಕೆಲಸ, ಅದೇ ದಿನ ಮನೆಗೆ ಹೋಗಬಹುದು, ಮುಖದ ದಣಿವು ಮಾಯವಾಗುತ್ತದೆ ಎಂಬಷ್ಟರಲ್ಲಿ ವಿಷಯ ಮುಗಿದುಹೋಗುತ್ತದೆ. ಇವೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ತಕ್ಕ ವ್ಯಕ್ತಿಗೆ ನುರಿತ ಕೈಯಿಂದ ನಡೆದರೆ ಇದು ತೃಪ್ತಿ ಕೊಡುವ ಶಸ್ತ್ರಚಿಕಿತ್ಸೆಯೇ. ಕಣ್ಣಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದ ನಾನು ಹಾಗೆ ಸಂತೋಷವಾಗಿ ಮನೆಗೆ ಹೋದವರನ್ನು ಬಹಳ ಮಂದಿ ಕಂಡಿದ್ದೇನೆ. ಆದರೆ ರೆಪ್ಪೆ ಜೋತುಬಿದ್ದಿರುವುದು ಯಾತರಿಂದ ಎಂಬ ಪ್ರಶ್ನೆಯನ್ನು ಆ ಬರಹಗಳು ಎತ್ತುವುದೇ ಇಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವ ಮುನ್ನ ಯಾರೂ ಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಬಾರದು ಎಂದು ಓದುಗರಿಗೆ ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ವೈದ್ಯರು ಬ್ಲೆಫರೋಪ್ಲಾಸ್ಟಿ ಎನ್ನುವ ಈ ಚಿಕಿತ್ಸೆಯಲ್ಲಿ ನಡೆಯುವುದು ಇಷ್ಟು: ರೆಪ್ಪೆಯಲ್ಲಿ ಸಹಜವಾಗಿ ಇರುವ ಮಡಿಕೆಯ ಗೆರೆಯಲ್ಲೇ ಗಾಯದ ಕಲೆ ಅಡಗುವಂತೆ ಕೊಯ್ದು, ಹೆಚ್ಚುವರಿ ಚರ್ಮವನ್ನು ಕಿರಿದಾದ ಪಟ್ಟಿಯಂತೆ ತೆಗೆದು, ಬೇಕೆನಿಸಿದರೆ ಅದರಡಿಯ ಸ್ನಾಯುವಿನ ಒಂದು ಎಳೆಯನ್ನೂ ಮೂಗಿನ ಪಕ್ಕದ ಮೂಲೆಯಲ್ಲಿ ಉಬ್ಬಿಕೊಂಡ ಕೊಬ್ಬನ್ನೂ ತುಸು ತೆಗೆದು, ಕೂದಲೆಳೆಯಂಥ ದಾರದಿಂದ ಹೊಲಿಯುತ್ತಾರೆ. ಸಾಮಾನ್ಯವಾಗಿ ಆ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಸಾಕಾಗುತ್ತದೆ. ಸೌಂದರ್ಯ ಶಸ್ತ್ರಚಿಕಿತ್ಸಕರ ಅಂತರರಾಷ್ಟ್ರೀಯ ಸಂಘವು 2024ರ ಸಮೀಕ್ಷೆಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ನಡೆದ ಸೌಂದರ್ಯ ಶಸ್ತ್ರಚಿಕಿತ್ಸೆ ರೆಪ್ಪೆಯದೆಂದು, ಆ ವರ್ಷ 20 ಲಕ್ಷಕ್ಕೂ ಮೀರಿ ನಡೆದಿದೆಯೆಂದು ಅಂದಾಜು ಮಾಡಿದೆ. ಅದರಲ್ಲಿ ದಕ್ಷಿಣ ಕೊರಿಯಾ, ಜಪಾನ್ ಕಡೆಯ ಯುವಜನರು ಇಲ್ಲದ ಮಡಿಕೆಯನ್ನು ಮೂಡಿಸಿಕೊಳ್ಳುವ ಚಿಕಿತ್ಸೆಯೂ ಸೇರಿದೆ. ನಮ್ಮಲ್ಲಿ ಬಹುತೇಕರಿಗೆ ಮಡಿಕೆ ಹುಟ್ಟಿನಿಂದಲೇ ಇರುವುದರಿಂದ, ಕೊರಿಯಾದ ವಿಡಿಯೊಗಳನ್ನು ನೋಡಿ ಅದೇ ಬೇಕೆಂದು ಕೇಳುವ ಹುಡುಗಿಯರಿಗೆ ಇದು ಬೇರೆಯೇ ಚಿಕಿತ್ಸೆಯೆಂದು ಯಾರಾದರೂ ಮೊದಲೇ ಹೇಳಬೇಕು.

ಇನ್ನು ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕನ್ನಡಿಯಲ್ಲಿ ಒಂದೇ ರೀತಿ ಕಾಣುವ ಭಾರವಾದ ರೆಪ್ಪೆಗೆ ಕನಿಷ್ಠ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಮೊದಲನೆಯದು ಚರ್ಮವೇ ಸಡಿಲಗೊಂಡು ರೆಪ್ಪೆಯ ಕೂದಲಿನ ಮೇಲೆ ಮಡಿಚಿ ಬೀಳುವುದು. ಬ್ಲೆಫರೋಪ್ಲಾಸ್ಟಿ ಇದಕ್ಕೆ ಮಾತ್ರ ಮದ್ದು. ಎರಡನೆಯದು ಚರ್ಮ ಸರಿಯಾಗಿಯೇ ಇದ್ದು, ರೆಪ್ಪೆಯನ್ನು ಮೇಲೆತ್ತುವ ಲಿವೇಟರ್ ಎಂಬ ಸ್ನಾಯು ಸೋತು ಅಥವಾ ಅದರ ತೆಳುವಾದ ಪೊರೆ ತನ್ನ ನೆಲೆಯಿಂದ ಜಾರಿ, ರೆಪ್ಪೆಯ ಅಂಚೇ ಕೆಳಗಿಳಿಯುವುದು. ವೈದ್ಯರು ಇದನ್ನು ಟೋಸಿಸ್ ಎನ್ನುತ್ತಾರೆ. ವಯಸ್ಸು, ಬಹುಕಾಲ ಬಳಸಿದ ಕಾಂಟ್ಯಾಕ್ಟ್ ಲೆನ್ಸ್, ಹಿಂದೆ ಆದ ಕಣ್ಣಿನ ಶಸ್ತ್ರಚಿಕಿತ್ಸೆ ಇವುಗಳಿಂದ ಅದು ಬರಬಹುದು. ಮೂರನೆಯದು ಹುಬ್ಬೇ ತನ್ನ ಜಾಗದಿಂದ ಇಳಿದು ರೆಪ್ಪೆಯನ್ನು ಕೆಳಕ್ಕೆ ತಳ್ಳುವುದು. ಟೋಸಿಸ್ ಇರುವವರಿಗೆ ಚರ್ಮ ಮಾತ್ರ ತೆಗೆದು ಕಳಿಸಿದರೆ ಕಣ್ಣು ಮೊದಲಿದ್ದಷ್ಟೇ ಮುಚ್ಚಿಕೊಂಡಿರುತ್ತದೆ; ಹುಬ್ಬು ಇಳಿದವರಿಗೆ ಚರ್ಮ ತೆಗೆದರೆ ಹುಬ್ಬು ಇನ್ನಷ್ಟು ಕೆಳಗೆ ಎಳೆದುಕೊಳ್ಳುತ್ತದೆ. ಒಬ್ಬರಲ್ಲೇ ಎರಡು ಕಾರಣ ಕೂಡಿರುವುದೂ ಅಪರೂಪವಲ್ಲ.

ಇದನ್ನು ಗುರುತಿಸಲು ದುಬಾರಿ ಯಂತ್ರ ಬೇಕಿಲ್ಲ, ಹತ್ತು ನಿಮಿಷದ ತಾಳ್ಮೆ ಬೇಕು. ವೈದ್ಯರು ಎದುರಿಗೆ ಕುಳಿತು ಪುಟ್ಟ ಟಾರ್ಚ್ ಹಿಡಿದಾಗ ಕರಿಗುಡ್ಡೆಯ ನಡುವೆ ಬೆಳಕಿನ ಚುಕ್ಕೆ ಕಾಣುತ್ತದೆ. ಆ ಚುಕ್ಕೆಯಿಂದ ಮೇಲ್ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿ.ಮೀ. ಅಂತರವಿರುತ್ತದೆ. ಅದು ಕಡಿಮೆಯಾಗಿದ್ದರೆ ಸ್ನಾಯುವಿನ ಕಡೆ ನೋಡಬೇಕು. ಹುಬ್ಬಿನ ಮೇಲೆ ಹೆಬ್ಬೆರಳಿಟ್ಟು ಹಣೆ ಅಲುಗದಂತೆ ಹಿಡಿದು, ಕೆಳಗೆ ನೋಡಿ, ಮೇಲೆ ನೋಡಿ ಎಂದಾಗ ರೆಪ್ಪೆ ಎಷ್ಟು ಸರಿಯುತ್ತದೆ ಎಂಬುದನ್ನು ಅಳತೆಪಟ್ಟಿಯಲ್ಲಿ ಅಳೆಯುತ್ತಾರೆ. ರೆಪ್ಪೆ ಭಾರವಾದವರು ತಮಗೆ ಅರಿವಿಲ್ಲದೆಯೇ ಹಣೆಯ ಸ್ನಾಯುವನ್ನು ಬಿಗಿದು ಹುಬ್ಬೆತ್ತಿಕೊಂಡೇ ದಿನ ಕಳೆಯುತ್ತಾರೆ. ಹಣೆಯಲ್ಲಿ ಆಳವಾದ ಅಡ್ಡಗೆರೆಗಳು, ಸಂಜೆಯಾದರೆ ಹಣೆನೋವು ಇವು ಅದರ ಗುರುತು. ಅವರಿಗೆ ರೆಪ್ಪೆ ಹಗುರವಾದ ಮೇಲೆ ಹಣೆ ಸಡಿಲಗೊಂಡು ಹುಬ್ಬು ತುಸು ಇಳಿಯುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಎಷ್ಟು ಚರ್ಮ ತೆಗೆಯಬೇಕೆಂದು ನಿರ್ಧರಿಸಬೇಕು. ಈ ಯಾವ ಅಳತೆಯನ್ನೂ ಮಾಡದೆ, ಮೊಬೈಲಿನಲ್ಲಿ ಕಳಿಸಿದ ಫೋಟೊ ನೋಡಿಯೇ ಚಿಕಿತ್ಸೆಯ ದಿನ ಕೊಡುವ ಕಡೆಗೆ ಹೋಗಬೇಡಿ ಎಂದು ನಾನು ಪರಿಚಿತರಿಗೆಲ್ಲ ಹೇಳುತ್ತೇನೆ.

ನಮ್ಮ ಹೊರರೋಗಿ ವಿಭಾಗದಲ್ಲಿ ನಡೆದ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ನಡುವಯಸ್ಸಿನ ಒಬ್ಬರು, ವೃತ್ತಿಯಿಂದ ಶಿಕ್ಷಕರು, ಬಲಗಣ್ಣಿನ ರೆಪ್ಪೆ ಇಳಿದಿದೆಯೆಂದು ಬಂದಿದ್ದರು. ಬೇರೊಂದು ಕಡೆ ಸೌಂದರ್ಯ ಚಿಕಿತ್ಸೆಗೆ ಮುಂಗಡ ಹಣವನ್ನೂ ಕಟ್ಟಿದ್ದರು. ಬೆಳಿಗ್ಗೆ ಎದ್ದಾಗ ಚೆನ್ನಾಗಿರುತ್ತದೆ, ಮಧ್ಯಾಹ್ನದ ತರಗತಿಯ ಹೊತ್ತಿಗೆ ರೆಪ್ಪೆ ಬಿದ್ದುಹೋಗುತ್ತದೆ, ಒಮ್ಮೊಮ್ಮೆ ಕಪ್ಪುಹಲಗೆಯ ಅಕ್ಷರ ಎರಡೆರಡಾಗಿ ಕಾಣುತ್ತದೆ ಎಂದರು. ವೈದ್ಯರು ನನ್ನಿಂದ ಮಂಜುಗಡ್ಡೆ ತರಿಸಿ, ಅದನ್ನು ಕೈಗವಸಿನಲ್ಲಿ ಕಟ್ಟಿ, ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಡಿಸಿದರು. ತೆಗೆದು ಕಣ್ಣು ಬಿಡಿಸಿದಾಗ ಇಳಿದಿದ್ದ ರೆಪ್ಪೆ ಎರಡು ಮಿ.ಮೀ.ಗೂ ಹೆಚ್ಚು ಮೇಲಕ್ಕೆ ಎದ್ದಿತ್ತು. ಕೆಲವು ನಿಮಿಷಗಳಲ್ಲಿ ಮತ್ತೆ ಇಳಿಯಿತು. ಅದು ಮಯಸ್ತೇನಿಯಾ ಗ್ರಾವಿಸ್ ಎಂಬ ಕಾಯಿಲೆಯ ಸುಳಿವು. ನರದಿಂದ ಸ್ನಾಯುವಿಗೆ ಸಂದೇಶ ದಾಟುವ ಜಾಗಕ್ಕೆ ದೇಹದ ರಕ್ಷಣಾ ವ್ಯವಸ್ಥೆಯೇ ಅಡ್ಡಿಮಾಡುವ ಈ ಕಾಯಿಲೆಯಲ್ಲಿ ದಣಿದಷ್ಟೂ ಸ್ನಾಯು ಸೋಲುತ್ತದೆ, ತಣ್ಣಗಾದಾಗ ತುಸು ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಅದು ನುಂಗುವ ಮತ್ತು ಉಸಿರಾಡುವ ಸ್ನಾಯುಗಳಿಗೂ ಹಬ್ಬುತ್ತದೆ. ಅವರಿಗೆ ಬೇಕಾಗಿದ್ದವರು ನರರೋಗ ತಜ್ಞರು. ಅವರ ರೆಪ್ಪೆಯ ಚರ್ಮವನ್ನು ಕತ್ತರಿಸಿದ್ದರೆ ಗುಣವಾಗುವುದು ಹಾಗಿರಲಿ, ಕಾಯಿಲೆ ಗೊತ್ತಾಗುವುದೂ ತಡವಾಗುತ್ತಿತ್ತು.

ಇದಕ್ಕಿಂತ ತುರ್ತಾದ ಸಂದರ್ಭವೂ ಇದೆ. ರೆಪ್ಪೆ ವರ್ಷಗಳ ಮೇಲೆ ನಿಧಾನವಾಗಿ ಇಳಿಯದೆ, ಒಂದೆರಡು ದಿನಗಳಲ್ಲಿ ಥಟ್ಟನೆ ಒಂದೇ ಕಡೆ ಇಳಿದರೆ, ಜೊತೆಗೆ ತಲೆನೋವು, ಎರಡೆರಡಾಗಿ ಕಾಣುವುದು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ಹಿಗ್ಗಿರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ, ಅದು ಮಿದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರುವ ಲಕ್ಷಣವಾಗಿರಬಹುದು. ಅಂಥವರು ಅದೇ ದಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಕಾರಣ ಚರ್ಮದ್ದೇ ಎಂದು ಖಚಿತವಾದ ಮೇಲೆ ಎರಡನೆಯ ಹಂತ ಕಣ್ಣಿನ ಪಸೆಯ ಪರೀಕ್ಷೆ. ನಿಮಿಷಕ್ಕೆ ಸುಮಾರು ಹದಿನೈದು ಸಲ ರೆಪ್ಪೆ ಬಡಿದು ಕಣ್ಣೀರನ್ನು ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ಮೇಲೆ ಹರಡುವುದರಿಂದಲೇ ನಮಗೆ ಸ್ಪಷ್ಟವಾಗಿ ಕಾಣುತ್ತದೆ. ರೆಪ್ಪೆ ಚಿಕ್ಕದಾದಷ್ಟೂ ಗಾಳಿಗೆ ತೆರೆದುಕೊಳ್ಳುವ ಕಣ್ಣಿನ ಭಾಗ ಹೆಚ್ಚುತ್ತದೆ. ಮೊದಲೇ ಪಸೆ ಕಡಿಮೆ ಇರುವವರಿಗೆ, ಅಂದರೆ ಋತುಬಂಧ ದಾಟಿದ ಹಲವು ಮಹಿಳೆಯರಿಗೆ, ಸಂಧಿವಾತದ ಕೆಲವು ರೋಗಿಗಳಿಗೆ, ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವರಿಗೆ ಶಸ್ತ್ರಚಿಕಿತ್ಸೆಯ ನಂತರ ಉರಿ, ಮರಳು ಬಿದ್ದಂಥ ಚುಚ್ಚು ಇನ್ನಷ್ಟು ಕಾಡುತ್ತದೆ. ಕೆಳರೆಪ್ಪೆಯ ಒಳಗೆ ಅಳತೆಯ ಕಾಗದದ ಪಟ್ಟಿಯೊಂದನ್ನು ಐದು ನಿಮಿಷ ಸಿಕ್ಕಿಸಿ ಎಷ್ಟು ಒದ್ದೆಯಾಯಿತೆಂದು ನೋಡುವ ಶಿರ್ಮರ್ ಪರೀಕ್ಷೆ ಯಾವ ತಾಲ್ಲೂಕು ಕೇಂದ್ರದ ಕಣ್ಣಿನ ವೈದ್ಯರಿಗೂ ಗೊತ್ತು. ಕನ್ನಡಕ ಬೇಡವಾಗಲೆಂದು ಲೇಸರಿನಿಂದ ಮಾಡುವ ಲೇಸಿಕ್ ಚಿಕಿತ್ಸೆ ಮಾಡಿಸಿಕೊಂಡವರಿಗೆ ಕಾರ್ನಿಯಾದ ನರಗಳು ಚೇತರಿಸಿಕೊಳ್ಳುವವರೆಗೆ, ಸಾಮಾನ್ಯವಾಗಿ ಆರು ತಿಂಗಳಾದರೂ, ಕಾಯಲು ಹೇಳುತ್ತಾರೆ. ಥೈರಾಯ್ಡ್ ತೊಂದರೆ ಇರುವವರ ವಿಷಯವಂತೂ ಬೇರೆಯೇ. ಅವರ ರೆಪ್ಪೆ ಊದಿಕೊಂಡಿರುವುದು ಥೈರಾಯ್ಡಿನಿಂದಲೇ ಇರಬಹುದು, ಕಾಯಿಲೆ ಹತೋಟಿಗೆ ಬಂದು ಕಣ್ಣಿನ ಸ್ಥಿತಿ ತಿಂಗಳುಗಟ್ಟಲೆ ಸ್ಥಿರವಾಗಿ ನಿಲ್ಲದೆ ರೆಪ್ಪೆಗೆ ಕೈಹಾಕುವಂತಿಲ್ಲ. ಕಣ್ಣಿನ ಹೊರಮೂಲೆಯ ಮೇಲೆ ಉಬ್ಬು ಕಂಡರೆ ಅದನ್ನು ಕೊಬ್ಬೆಂದು ತಿಳಿಯಬಾರದು; ಆ ಜಾಗದಲ್ಲಿ ಇರುವುದು ಕಣ್ಣೀರಿನ ಗ್ರಂಥಿ.

ಕಣ್ಣಿನ ಸುತ್ತಲ ಕಪ್ಪು, ಹೊರಮೂಲೆಯ ಸುಕ್ಕುಗಳು, ಕೆಳರೆಪ್ಪೆಯ ಚೀಲ ಇವು ಯಾವುವೂ ಮೇಲ್ರೆಪ್ಪೆಯ ಶಸ್ತ್ರಚಿಕಿತ್ಸೆಯಿಂದ ಹೋಗುವುದಿಲ್ಲ. ಹೆಚ್ಚಾದ ಚರ್ಮವನ್ನು ಕರಗಿಸುವ ಕ್ರೀಮೂ ಇಲ್ಲ.

ಈ ಶಸ್ತ್ರಚಿಕಿತ್ಸೆಯ ಅತಿ ದೊಡ್ಡ ತಪ್ಪು ಹೆಚ್ಚು ಕತ್ತರಿಸುವುದು. ಕಡಿಮೆ ತೆಗೆದಿದ್ದರೆ ಮತ್ತೊಮ್ಮೆ ತುಸು ತೆಗೆಯಬಹುದು. ಹೆಚ್ಚು ತೆಗೆದ ಮೇಲೆ ಕಿವಿಯ ಹಿಂದಿನಿಂದಲೋ ಬೇರೆಲ್ಲಿಂದಲೋ ಚರ್ಮ ತಂದು ಕಸಿಮಾಡಬೇಕಾಗುತ್ತದೆ, ಅದು ಮೊದಲಿನಂತೆ ಕಾಣುವುದಿಲ್ಲ. ಹುಬ್ಬಿನ ಕೆಳ ಅಂಚಿನಿಂದ ರೆಪ್ಪೆಯ ಕೂದಲಿನವರೆಗೆ ಸುಮಾರು 20 ಮಿ.ಮೀ. ಚರ್ಮ ಉಳಿದರಷ್ಟೇ ಕಣ್ಣು ಪೂರ್ತಿ ಮುಚ್ಚುತ್ತದೆ ಎಂಬುದು ಥಿಯೇಟರಿನಲ್ಲಿ ನಾವು ಕೇಳುತ್ತ ಬಂದ ನಿಯಮ. ಅದಕ್ಕಾಗಿಯೇ ಒಳ್ಳೆಯ ಶಸ್ತ್ರಚಿಕಿತ್ಸಕರು ರೋಗಿಯನ್ನು ಮಲಗಿಸುವ ಮೊದಲು, ಕುಳಿತಿರುವಾಗಲೇ, ಇಂಜೆಕ್ಷನ್ನಿನಿಂದ ರೆಪ್ಪೆ ಉಬ್ಬುವ ಮುನ್ನವೇ ಗುರುತು ಹಾಕುತ್ತಾರೆ. ಮೊಂಡು ಚಿಮಟದಿಂದ ಚರ್ಮವನ್ನು ಮೆಲ್ಲಗೆ ಹಿಡಿದು, ರೆಪ್ಪೆಯ ಕೂದಲು ಆಗಷ್ಟೇ ಮೇಲಕ್ಕೆ ತಿರುಗತೊಡಗುವ ತನಕ ಮಾತ್ರ ಒಟ್ಟುಗೂಡಿಸಿ, ಅಲ್ಲಿಗೆ ನಿಲ್ಲಿಸಿ ಗೆರೆ ಎಳೆದು, ಮತ್ತೆ ಅಳೆದು ನೋಡುತ್ತಾರೆ. ಮಲಗಿದಾಗ ಹುಬ್ಬು ಮೇಲೆ ಸರಿಯುವುದರಿಂದ ಆಮೇಲೆ ಹಾಕಿದ ಗುರುತು ನಂಬಿಕೆಗೆ ಯೋಗ್ಯವಲ್ಲ.

ಬೇರೊಂದು ಊರಿನಲ್ಲಿ ಈ ಚಿಕಿತ್ಸೆ ಮಾಡಿಸಿಕೊಂಡು, ಬೆಳಿಗ್ಗೆ ಎದ್ದಾಗ ಕಣ್ಣು ಕೆಂಪಾಗಿ ನೋಯುತ್ತದೆಂದು ನಮ್ಮಲ್ಲಿಗೆ ಬಂದ ಗೃಹಿಣಿಯೊಬ್ಬರ ನೆನಪು ನನಗಿದೆ. ನೋಡಲು ರೆಪ್ಪೆ ಬಹಳ ಅಂದವಾಗಿ ಹೊಲಿದಿತ್ತು, ಕಲೆಯೂ ಕಾಣುತ್ತಿರಲಿಲ್ಲ. ಮೆಲ್ಲಗೆ ಕಣ್ಣು ಮುಚ್ಚಿ ಎಂದಾಗ ಮಾತ್ರ ಎರಡು ರೆಪ್ಪೆಗಳ ನಡುವೆ ಬಿಳಿಯ ಸಣ್ಣ ಗೆರೆ ಉಳಿಯುತ್ತಿತ್ತು. ಫ್ಲೋರೆಸೀನ್ ಬಣ್ಣದ ಹನಿ ಹಾಕಿ ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದ ನೀಲಿ ಬೆಳಕಿನಲ್ಲಿ ನೋಡಿದಾಗ ಕಾರ್ನಿಯಾದ ಕೆಳಭಾಗದಲ್ಲಿ, ಸರಿಯಾಗಿ ಆ ಗೆರೆಯ ನೇರಕ್ಕೆ, ಹಸಿರು ಚುಕ್ಕಿಗಳ ಪಟ್ಟಿ ಹೊಳೆಯಿತು. ರಾತ್ರಿಯೆಲ್ಲ ಫ್ಯಾನಿನ ಗಾಳಿಗೆ ತೆರೆದುಕೊಂಡು ಮೇಲ್ಪೊರೆ ಒಣಗಿ ಸವೆದ ಜಾಗ ಅದು. ಮೊದಲ ಕೆಲವು ವಾರ ಊತದಿಂದ ಕಣ್ಣು ಪೂರ್ತಿ ಮುಚ್ಚದಿರುವುದು ಹಲವರಲ್ಲಿ ಕಂಡು ತಾನಾಗಿ ಸರಿಹೋಗುತ್ತದೆ. ಅವರದು ಹಾಗಿರಲಿಲ್ಲ. ಹಗಲು ಹನಿ, ರಾತ್ರಿ ಮುಲಾಮು, ಮಲಗುವಾಗ ರೆಪ್ಪೆಗೆ ಟೇಪು ಎಂಬ ದಿನಚರಿಗೆ ಅವರು ಹೊಂದಿಕೊಳ್ಳಬೇಕಾಯಿತು. ಅವರ ಕೈಯಲ್ಲಿದ್ದ ಬಿಲ್ಲಿನಲ್ಲಿ ಕಣ್ಣಿನ ಒಂದು ಪರೀಕ್ಷೆಯ ಹೆಸರೂ ಇರಲಿಲ್ಲ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಅಪರೂಪವಾದರೂ ಭಯಪಡಬೇಕಾದದ್ದು ಕಣ್ಣುಗುಡ್ಡೆಯ ಹಿಂದೆ ರಕ್ತಸ್ರಾವವಾಗುವುದು. ಸುಮಾರು 2000 ಚಿಕಿತ್ಸೆಗಳಲ್ಲಿ ಒಂದರಲ್ಲಿ ಇದು ಆಗುತ್ತದೆಂದು ಹೇಳುತ್ತಾರೆ. ಅವರಲ್ಲೂ ದೃಷ್ಟಿ ಕಳೆದುಕೊಳ್ಳುವವರು ಇನ್ನೂ ವಿರಳ. ಮೂಳೆಯ ಗೂಡಿನೊಳಗೆ ರಕ್ತ ತುಂಬಿಕೊಂಡರೆ ಒತ್ತಡ ಹೆಚ್ಚಿ ದೃಷ್ಟಿನರಕ್ಕೂ ಅಕ್ಷಿಪಟಲಕ್ಕೂ ರಕ್ತ ಸಿಗದಂತಾಗುತ್ತದೆ. ಒಂದೆರಡು ಗಂಟೆಯೊಳಗೆ ಹೊಲಿಗೆ ಬಿಚ್ಚಿ, ಬೇಕಾದರೆ ಕಣ್ಣಿನ ಹೊರಮೂಲೆಯನ್ನು ಸಡಿಲಿಸಿ ಒತ್ತಡ ಇಳಿಸದಿದ್ದರೆ ಕುರುಡು ಶಾಶ್ವತವಾಗುತ್ತದೆ. ಬಹುಪಾಲು ಇದು ಮೊದಲ 24 ಗಂಟೆಯಲ್ಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಕಲಬುರಗಿಯಿಂದಲೋ ಬೀದರಿನಿಂದಲೋ ಬೆಂಗಳೂರಿಗೆ ಬಂದು ಚಿಕಿತ್ಸೆ ಮಾಡಿಸಿಕೊಂಡು ಅದೇ ರಾತ್ರಿಯ ಬಸ್ಸು ಹತ್ತುವುದು ಬೇಡವೇ ಬೇಡ. ನೋವಿನ ಮಾತ್ರೆಗೂ ಬಗ್ಗದ ತೀವ್ರ ನೋವು, ಕಣ್ಣು ಮುಂದಕ್ಕೆ ತಳ್ಳಿದಂತಾಗುವುದು, ಒಂದು ಕಡೆ ಮಾತ್ರ ಕಲ್ಲಿನಂತೆ ಗಟ್ಟಿಯಾಗಿ ಊದುವುದು, ದೃಷ್ಟಿ ಮಸುಕಾಗುವುದು ಇವು ಕಂಡ ತಕ್ಷಣ, ಬೆಳಗಾಗಲೆಂದು ಕಾಯದೆ, ಹೋಗಬೇಕು. ಹಾಗಾಗಿಯೇ ಚಿಕಿತ್ಸೆಗೆ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಬೆಲೆಗಿಂತ ಮುಖ್ಯವಾದದ್ದು, ರಾತ್ರಿ ಎರಡು ಗಂಟೆಗೆ ತೊಂದರೆಯಾದರೆ ಯಾವ ನಂಬರಿಗೆ ಕರೆ ಮಾಡಬೇಕು, ಯಾರು ಬಂದು ಬಾಗಿಲು ತೆಗೆಯುತ್ತಾರೆ ಎಂಬುದು.

ರಕ್ತಸ್ರಾವದ ಅಪಾಯ ಹೆಚ್ಚಿಸುವುದು ಹತೋಟಿಯಲ್ಲಿಲ್ಲದ ರಕ್ತದೊತ್ತಡ ಮತ್ತು ರಕ್ತ ತೆಳುಮಾಡುವ ಔಷಧಿಗಳು. ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ಹೇಳಲೇಬೇಕು; ಆದರೆ ಯಾರೋ ಹೇಳಿದರೆಂದು ತಾವಾಗಿ ನಿಲ್ಲಿಸಬಾರದು. ಹೃದಯದಲ್ಲಿ ಸ್ಟೆಂಟ್ ಇರುವವರು ಸೌಂದರ್ಯಕ್ಕಾಗಿ ಮಾತ್ರೆ ನಿಲ್ಲಿಸಿ ಹೃದಯಾಘಾತಕ್ಕೆ ಒಳಗಾಗುವುದಕ್ಕಿಂತ ದುಡುಕು ಇನ್ನೊಂದಿಲ್ಲ. ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ಹೃದ್ರೋಗ ತಜ್ಞರೇ ನಿರ್ಧರಿಸಬೇಕು. ನಮ್ಮ ಜನ ಔಷಧಿಯೆಂದರೆ ಇಂಗ್ಲಿಷ್ ಮಾತ್ರೆ ಮಾತ್ರ ಎಂದುಕೊಂಡು ಮೀನೆಣ್ಣೆಯ ಗುಳಿಗೆ, ವಿಟಮಿನ್ ಇ, ಬೆಳ್ಳುಳ್ಳಿ ಮಾತ್ರೆ, ನಾಟಿ ಕಷಾಯ ಇವುಗಳ ಬಗ್ಗೆ ಹೇಳುವುದೇ ಇಲ್ಲ. ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡುವುದೇ ಸುಲಭ.

ಚೇತರಿಕೆಯ ಬಗ್ಗೆಯೂ ನಿಜ ಗೊತ್ತಿರಬೇಕು. ಹೊಲಿಗೆಯನ್ನು ಸಾಮಾನ್ಯವಾಗಿ ಐದರಿಂದ ಏಳನೆಯ ದಿನ ಬಿಚ್ಚುತ್ತಾರೆ. ಊತ, ನೀಲಿ ಕಲೆ ಎದ್ದು ಕಾಣದಷ್ಟು ಇಳಿಯಲು ಒಂದೆರಡು ವಾರ ಹಿಡಿಯುತ್ತದೆ, ಉಳಿದ ಊತ ಕೆಲವು ತಿಂಗಳವರೆಗೂ ಇರಬಹುದು, ಕೆಂಪಗಿನ ಗೆರೆ ಮಾಸುವುದಕ್ಕೂ ತಿಂಗಳುಗಳು ಬೇಕು. ಮಗಳ ಮದುವೆ ಹದಿನೈದು ದಿನವಿದೆ, ಅಷ್ಟರಲ್ಲಿ ಆಗಿಬಿಡಲಿ ಎಂದು ಬರುವ ತಾಯಂದಿರನ್ನು ನಾನು ಕಂಡಿದ್ದೇನೆ. ಅವರು ಮೂರು ತಿಂಗಳ ಮುಂಚೆ ಬರಬೇಕು, ಇಲ್ಲವಾದರೆ ಮದುವೆ ಮುಗಿದ ಮೇಲೆ ಬರಬೇಕು. ಮೊದಲ ಎರಡು ದಿನ ತಲೆ ಎತ್ತರವಾಗಿಟ್ಟು ಮಲಗುವುದು, ತಣ್ಣನೆಯ ಬಟ್ಟೆ ಇಡುವುದು ಎಲ್ಲರಿಗೂ ಹೇಳುತ್ತಾರೆ. ನಮ್ಮ ಮನೆಗಳಿಗೆ ಬೇಕಾದ ಎಚ್ಚರಿಕೆಗಳನ್ನು ಮಾತ್ರ ಯಾವ ಕರಪತ್ರವೂ ಬರೆಯುವುದಿಲ್ಲ. ವೈದ್ಯರು ಒಪ್ಪುವವರೆಗೆ ಬಗ್ಗಿ ರಂಗೋಲಿ ಹಾಕಬಾರದು, ನೀರಿನ ಕೊಡ ಎತ್ತಬಾರದು, ಎಣ್ಣೆಸ್ನಾನ ಬೇಡ, ಕಾಡಿಗೆ ಬೇಡ. ಉರಿ ಹೆಚ್ಚಾಯಿತೆಂದು ಹಿರಿಯರು ಹರಳೆಣ್ಣೆಯನ್ನೋ ನಂದಿಬಟ್ಟಲು ಹೂವಿನ ರಸವನ್ನೋ ಎದೆಹಾಲನ್ನೋ ಕಣ್ಣಿಗೆ ಬಿಡಲು ಬಂದರೆ ವಿನಯದಿಂದ ತಡೆಯಬೇಕು, ಹಸಿ ಗಾಯಕ್ಕೆ ಸೋಂಕು ತಗಲುವುದು ಅಂಥವುಗಳಿಂದಲೇ.

ಯಾರಿಂದ ಮಾಡಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ಕಣ್ಣಿನ ಎಂ.ಎಸ್. ಮಾಡಿ ಆಮೇಲೆ ಆಕ್ಯುಲೋಪ್ಲಾಸ್ಟಿಯಲ್ಲಿ, ಅಂದರೆ ರೆಪ್ಪೆ ಮತ್ತು ಕಣ್ಣುಗೂಡಿನ ಶಸ್ತ್ರಚಿಕಿತ್ಸೆಯಲ್ಲಿ, ತರಬೇತಿ ಪಡೆದವರು, ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಮಾಡಿ ರೆಪ್ಪೆಯ ಕೆಲಸದಲ್ಲಿ ಪಳಗಿದವರು. ಎರಡನೆಯವರ ಬಳಿ ಹೋಗುವವರು ಕಣ್ಣಿನ ವೈದ್ಯರ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮಾಡಿಸಿಕೊಂಡು ಹೋಗುವುದು ಒಳ್ಳೆಯದು. ಸೌಂದರ್ಯ ಚಿಕಿತ್ಸೆಯ ಕಿರು ಕೋರ್ಸಿನ ಪ್ರಮಾಣಪತ್ರಗಳು ಗೋಡೆಯ ಮೇಲೆ ಎಷ್ಟು ತೂಗಿದರೂ ಅವು ಈ ತರಬೇತಿಗೆ ಸಮವಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರಿನಲ್ಲಿ ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿದ್ದು ತರಬೇತಿ ಎನಿಸದು ಎಂದು ಸ್ಪಷ್ಟವಾಗಿ ಹೇಳಿದೆ. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ಯುವ ನಟಿಯೊಬ್ಬರು ಸಾವಿಗೀಡಾದ ಸುದ್ದಿ ಕನ್ನಡಿಗರಿಗೆ ಮರೆತಿರಲಾರದು. ಚಿಕಿತ್ಸೆ ಬೇರೆಯಾದರೂ, ಎಲ್ಲಿ ಮತ್ತು ಯಾವ ಸಿದ್ಧತೆಯೊಂದಿಗೆ ಅದು ನಡೆಯುತ್ತದೆ ಎಂಬ ಪ್ರಶ್ನೆ ಒಂದೇ. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ (ಕೆಪಿಎಂಇ) ಪ್ರತಿಯೊಂದು ಕ್ಲಿನಿಕ್ಕೂ ನೋಂದಣಿಯಾಗಿರಬೇಕು, ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಕಾಣುವಂತೆ ಹಾಕಿರಬೇಕು. ವೈದ್ಯರ ನೋಂದಣಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು. ಕೇಳಿದರೆ ಬೇಸರಪಟ್ಟುಕೊಳ್ಳುವ ಕಡೆ ಚಿಕಿತ್ಸೆ ಬೇಡ.

ಹಣದ ಮಾತು ಚಿಕ್ಕದು. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗೆ ಇತರ ವೈದ್ಯಕೀಯ ಸೇವೆಗಳಿಗಿರುವ ಜಿಎಸ್‌ಟಿ ವಿನಾಯಿತಿ ಇಲ್ಲ. ತೆರಿಗೆ ಬಿಲ್ಲಿಗೆ ಸೇರುತ್ತದೆ, ಮೊದಲೇ ಹೇಳಿದ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಕೇಳಬೇಕು. ಆರೋಗ್ಯ ವಿಮೆಯೂ ಇದನ್ನು ಹೊರಗಿಡುತ್ತದೆ. ಆದರೆ ಜೋತುಬಿದ್ದ ಚರ್ಮ ನಿಜವಾಗಿಯೂ ಮೇಲಿನ ನೋಟವನ್ನು ಮುಚ್ಚುತ್ತಿದ್ದರೆ ಅದು ಸೌಂದರ್ಯದ ವಿಷಯವಾಗಿ ಉಳಿಯುವುದಿಲ್ಲ. ಸಿಗ್ನಲ್ ದೀಪ ನೋಡಲು ಗಲ್ಲ ಎತ್ತಬೇಕಾದ ಬಸ್ ಚಾಲಕರಿಗೆ, ಮೇಲಿನ ಕಪಾಟಿನ ಸಾಮಾನು ಕಾಣದೆ ತಡಕಾಡುವ ವೃದ್ಧೆಗೆ ಅದು ಅಗತ್ಯ ಚಿಕಿತ್ಸೆ. ರೆಪ್ಪೆಯನ್ನು ಇದ್ದಂತೆಯೇ ಬಿಟ್ಟು ಒಮ್ಮೆ, ಟೇಪಿನಿಂದ ಎತ್ತಿ ಹಿಡಿದು ಇನ್ನೊಮ್ಮೆ ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿ, ಫೋಟೊ ಮತ್ತು ವೈದ್ಯರ ಟಿಪ್ಪಣಿಯೊಂದಿಗೆ ವಿಮಾ ಕಂಪನಿಗೆ ಮುಂಚಿತವಾಗಿ ಸಲ್ಲಿಸಿದರೆ ಪರಿಗಣಿಸುವ ಅವಕಾಶವಿದೆ. ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗೆ ಹೋಗಿ ತೋರಿಸಿಕೊಳ್ಳಲು ಇಂಥವರು ಹಿಂಜರಿಯಬೇಕಿಲ್ಲ.

ಒಪ್ಪಿಗೆ ಪತ್ರದ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಥಿಯೇಟರಿನ ಬಟ್ಟೆ ತೊಡಿಸಿ ಮೇಜಿನ ಪಕ್ಕ ನಿಲ್ಲಿಸಿದ ಮೇಲೆ ಕೈಗೆ ಕೊಡುವ, ಓದಲು ಬಾರದ ಭಾಷೆಯ ನಾಲ್ಕು ಹಾಳೆಗೆ ಹಾಕಿದ ಸಹಿ ಒಪ್ಪಿಗೆಯಾಗುವುದಿಲ್ಲ. ಏನು ಮಾಡುತ್ತಾರೆ, ಅದರ ಅಪಾಯಗಳೇನು, ಬೇರೆ ದಾರಿಗಳೇನು, ಮಾಡಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದೆಂದೂ ಹೇಳಿದೆ. ಮೇಲ್ರೆಪ್ಪೆಗೆ ಒಪ್ಪಿದವರ ಕೆಳರೆಪ್ಪೆಯನ್ನೂ ಮುಟ್ಟುವ ಅಧಿಕಾರ ಯಾರಿಗೂ ಇಲ್ಲ. ಪತ್ರವನ್ನು ಕನ್ನಡದಲ್ಲಿ ಕೇಳಿ, ಹಿಂದಿನ ದಿನವೇ ಮನೆಗೆ ತಂದು ಓದಬೇಕು. ಚಿಕಿತ್ಸೆಯ ದಾಖಲೆಗಳ ಪ್ರತಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂಬುದು ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳಲ್ಲಿಯೇ ಇದೆ. ಚಿಕಿತ್ಸೆಗೆ ಮೊದಲಿನ ಫೋಟೊಗಳು, ಅಳತೆಗಳು, ಬಳಸಿದ ಔಷಧಿಗಳ ವಿವರ ಅದರಲ್ಲಿರಲಿ. ಮುಂದೆ ತೊಂದರೆಯಾಗಿ ಬೇರೆ ವೈದ್ಯರ ಬಳಿ ಹೋದಾಗ ಎಷ್ಟು ಚರ್ಮ ತೆಗೆದಿದ್ದಾರೆಂದು ತಿಳಿಯಲು ಅವರಿಗಿರುವ ಆಧಾರ ಅದೊಂದೇ.

ಸಂಪಾದಕರೇ, ತಮ್ಮಲ್ಲಿ ನನ್ನ ಕೋರಿಕೆ ಎರಡು. ರೆಪ್ಪೆಯ ಶಸ್ತ್ರಚಿಕಿತ್ಸೆಯ ಜಾಹೀರಾತು ಸ್ವೀಕರಿಸುವಾಗ ಆ ಸಂಸ್ಥೆಯ ಕೆಪಿಎಂಇ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ಜಾಹೀರಾತಿನಲ್ಲೇ ಅಚ್ಚುಮಾಡಬೇಕು. ಪುರವಣಿಯಲ್ಲಿ ಈ ಬಗ್ಗೆ ಲೇಖನ ಹಾಕುವ ಮುನ್ನ ಒಬ್ಬ ಕಣ್ಣಿನ ತಜ್ಞರಿಗೆ ತೋರಿಸಿ, ಶಸ್ತ್ರಚಿಕಿತ್ಸೆಗೆ ಮೊದಲು ಆಗಬೇಕಾದ ಪರೀಕ್ಷೆಗಳ ವಿವರ ಅದರಲ್ಲಿ ಇರುವಂತೆ ನೋಡಿಕೊಳ್ಳಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಾಧಿಕಾರಿ, ಹುಬ್ಬಳ್ಳಿ